ಗ್ಯಾರೇಜ್ ಪ್ರಶ್ನೋತ್ತರ: ಹಳೇ ಮೋಟರ್‌ಹೋಮ್, ಲೂಸ್ ಸ್ಟೇರಿಂಗ್

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಹೋದ ವರ್ಷ 1985ರ ಒಂದು ಮೋಟರ್‌ಹೋಮ್ ತಗೊಂಡೆವು. ಷೆವ್ರೊಲೆ ಪಿ-30 ಷಾಸಿ, 454 ಎಂಜಿನ್, ಪವರ್ ಸ್ಟೇರಿಂಗ್. ಊರೊಳಗೆ ಪರವಾಗಿಲ್ಲ. ಐ-80 ಹೆದ್ದಾರಿ ಹಿಡಿದು ರೀನೊ ಕಡೆ ಹೊರಟರೆ ಮಾತ್ರ ಜೀವ ಕೈಯಲ್ಲಿ ಹಿಡ್ಕೊಂಡು ಕೂರಬೇಕು. ಸ್ಟೇರಿಂಗ್ ಚಕ್ರವನ್ನು ಮೂರು ಇಂಚು ಆಡಿಸಿದರೂ ಗಾಡಿ ಮಾತು ಕೇಳಲ್ಲ, ಆಮೇಲೆ ಒಂದೇ ಸಲ ಆ ಕಡೆ ನುಗ್ಗುತ್ತದೆ. ದೊಡ್ಡ ಟ್ರಕ್ ಪಕ್ಕದಲ್ಲಿ ಹಾದುಹೋದರೆ ಮೊದಲು ಆಚೆ ತಳ್ಳಿ ಆಮೇಲೆ ಈಚೆ ಎಳೆಯುತ್ತದೆ. ಒಂದು ಗ್ಯಾರೇಜಿನಲ್ಲಿ ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುವನ್ನು ರಾಡುಗಳಿಗೆ ದಾಟಿಸುವ ಗೇರ್ ಡಬ್ಬಿ) ಮೇಲಿನ ಸ್ಕ್ರೂ ಟೈಟ್ ಮಾಡಿಕೊಟ್ಟರು. ಈಗ ಚಕ್ರ ಬಿಗಿ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರಲ್ಲ, ತೇಲಾಟ ಮಾತ್ರ ಹಾಗೇ ಇದೆ. ಹೊಸ ಬಾಕ್ಸ್ ಹಾಕಿಸಬೇಕಾ? ಸ್ಟೆಬಿಲೈಸರ್ (ಸ್ಟೇರಿಂಗ್ ಜಗ್ಗಾಟ ತಡೆಯುವ ಡ್ಯಾಂಪರ್) ಹಾಕಿದರೆ ಸಾಕು ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ.

ಉತ್ತರ: ಎರಡೂ ಸದ್ಯಕ್ಕೆ ಬೇಡ. ಮೊದಲು ಆ ಸ್ಕ್ರೂವನ್ನು ಎಷ್ಟು ಬಿಗಿ ಮಾಡಿದ್ದಾರೋ ಅಷ್ಟು ವಾಪಸ್ ಬಿಡಿಸಿ. ತಿರುವಿನ ನಂತರ ಸ್ಟೇರಿಂಗ್ ನೇರಕ್ಕೆ ಬರಲ್ಲ ಅಂದರೆ ಬಾಕ್ಸಿನೊಳಗಿನ ಹಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿದಿವೆ ಅಂತ ಅರ್ಥ. ಹಾಗೇ ಓಡಿಸಿದರೆ ಚೆನ್ನಾಗಿದ್ದ ಬಾಕ್ಸೂ ಹಾಳಾಗುತ್ತದೆ.

ಸ್ಟೇರಿಂಗ್ ಲೂಸ್ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಆ ಸ್ಕ್ರೂಗೆ. ಕಾರಣ ಸುಲಭ: ಅದು ಕೈಗೆ ಸಿಗುತ್ತದೆ, ಹೊಸ ಪಾರ್ಟ್ ತರಬೇಕಿಲ್ಲ, ಐದು ನಿಮಿಷದ ಕೆಲಸ. ಆದರೆ ನಲವತ್ತು ವರ್ಷದ ಗಾಡಿಯಲ್ಲಿ ಪ್ಲೇ, ಅಂದರೆ ಸಡಿಲ ಆಟ, ಇರುವುದು ಹೆಚ್ಚಾಗಿ ಬಾಕ್ಸಿನ ಆಚೆ, ಮುಂದಿನ ಚಕ್ರದವರೆಗೆ ಹೋಗುವ ರಾಡುಗಳ ಕೀಲುಗಳಲ್ಲಿ. ಒಂದು ಲೆಕ್ಕ ನೋಡಿ. ಬಾಕ್ಸಿನಿಂದ ಕೆಳಗಿಳಿಯುವ ಪಿಟ್ಮನ್ ಆರ್ಮ್ ಸುಮಾರು 15 ಸೆಂ.ಮೀ. ಉದ್ದ ಅಂತ ಇಟ್ಟುಕೊಳ್ಳಿ. ಅದರ ತುದಿಯ ಕೀಲಿನಲ್ಲಿ ಬರೀ 1 ಮಿ.ಮೀ. ಸವೆತ. ಬಾಕ್ಸ್ ಅನುಪಾತ ಇಪ್ಪತ್ತಕ್ಕೆ ಒಂದರಂತೆ ಇದ್ದರೆ, ಆ ಒಂದು ಮಿಲಿಮೀಟರ್ 18 ಇಂಚಿನ ಸ್ಟೇರಿಂಗ್ ಚಕ್ರದ ಅಂಚಿನಲ್ಲಿ ಹತ್ತಿರ ಹತ್ತಿರ 3 ಸೆಂ.ಮೀ. ಆಗುತ್ತದೆ. ಕಣ್ಣಿಗೆ ಕಾಣದಷ್ಟು ಸವೆದ ಕೀಲು ಎರಡು ಮೂರು ಸೇರಿದರೆ ನಿಮ್ಮ ಮೂರು ಇಂಚು ಬಂದೇ ಬಿಟ್ಟಿತು. ಇದರಲ್ಲಿ ಬಾಕ್ಸಿನ ತಪ್ಪೇನೂ ಇಲ್ಲ.

ಹುಡುಕುವುದು ಹೇಗೆ ಅಂದರೆ, ಇಬ್ಬರು ಬೇಕು, ಅಷ್ಟೇ. ಗಾಡಿ ಸಮತಟ್ಟಾದ ಜಾಗದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರಲಿ, ಜಾಕ್ ಹಾಕಬೇಡಿ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳು ಉರುಳದಂತೆ ಎರಡೂ ಕಡೆ ಅಡ್ಡ ತುಂಡು ಕೊಡಿ. ಗೇರ್ ಪಾರ್ಕಿನಲ್ಲಿರಲಿ. ಪವರ್ ಸ್ಟೇರಿಂಗ್ ಆದ್ದರಿಂದ ಎಂಜಿನ್ ಆನ್ ಆಗಿರಬೇಕು, ಹಾಗಾಗಿ ಬೆಲ್ಟು ಫ್ಯಾನಿನ ಹತ್ತಿರ ತೋಳು, ಜಡೆ, ಸರ ಯಾವುದೂ ಹೋಗಬಾರದು. ಒಬ್ಬರು ಮೇಲೆ ಕೂತು ಚಕ್ರವನ್ನು ಗಡಿಯಾರದ 11ರಿಂದ 1ರವರೆಗೆ ನಿಧಾನಕ್ಕೆ ಆಕಡೆ ಈಕಡೆ ಆಡಿಸುತ್ತಲೇ ಇರಲಿ. ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗೆ ಮಲಗಿ ಮೇಲಿನಿಂದ ಒಂದೊಂದೇ ಕೀಲು ನೋಡುತ್ತಾ ಬರಬೇಕು. ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ: ಕೀಲಿನ ಎರಡೂ ಭಾಗಕ್ಕೆ ಒಟ್ಟಿಗೆ ಬೆರಳು ತಾಗಿಸಿಟ್ಟರೆ, ಒಂದು ಹೊರಟು ಇನ್ನೊಂದು ತಡವಾಗಿ ಹೊರಡುವುದು ಟಕ್ ಅಂತ ಗೊತ್ತಾಗುತ್ತದೆ.

ಮೊದಲು ಸ್ಟೇರಿಂಗ್ ಕಂಬ ಬಾಕ್ಸಿಗೆ ಸೇರುವ ಕಡೆ ಇರುವ ರಬ್ಬರ್ ಕಪ್ಲಿಂಗ್. ಎಣ್ಣೆ ಕುಡಿದು ಮೆತ್ತಗಾಗಿದ್ದರೆ ಅಲ್ಲೇ ಒಂದು ಇಂಚು ಹೋಗುತ್ತದೆ. ಆಮೇಲೆ ಬಾಕ್ಸನ್ನು ಷಾಸಿಗೆ ಹಿಡಿದಿರುವ ಬೋಲ್ಟುಗಳು. ಚಕ್ರ ಆಡಿಸುವಾಗ ಬಾಕ್ಸೇ ಅಲುಗಿದರೆ ಬೋಲ್ಟ್ ಸಡಿಲ, ಇಲ್ಲವೇ ಷಾಸಿಯಲ್ಲಿ ಬಿರುಕು. ಬಿರುಕು ಕಂಡರೆ ಗಾಡಿ ಅಲ್ಲಿಂದ ಕದಲಬಾರದು. ಇನ್ನು ಬಾಕ್ಸಿನ ಮೇಲಿನ ಷಾಫ್ಟ್ ತಿರುಗಿದ ತಕ್ಷಣ ಕೆಳಗಿನ ಪಿಟ್ಮನ್ ಆರ್ಮ್ ಹೊರಡುತ್ತದಾ ನೋಡಿ. ಎರಡೂ ಜೊತೆಗೇ ಹೊರಟರೆ ಬಾಕ್ಸ್ ಸರಿಯಿದೆ, ಅದನ್ನು ಮರೆತುಬಿಡಿ.

ಈಗ ಪಿ-30ರ ಖಾಸಾ ಜಾಗಕ್ಕೆ ಬರೋಣ. ಸ್ವತಂತ್ರ ಮುಂಭಾಗದ ಸಸ್ಪೆನ್ಷನ್ ಇರುವ ಈ ಮೋಟರ್‌ಹೋಮ್ ಷಾಸಿಯಲ್ಲಿ ಪಿಟ್ಮನ್ ಆರ್ಮಿನಿಂದ ಬರುವ ಡ್ರ್ಯಾಗ್ ಲಿಂಕ್ ಅನ್ನುವ ರಾಡು ನೇರ ಚಕ್ರಕ್ಕೆ ಹೋಗುವುದಿಲ್ಲ. ನಡುವೆ ಬೆಲ್ ಕ್ರ್ಯಾಂಕ್ ಅಂತ ಒಂದು ಮೊಣಕೈ ತುಂಡು ಇದೆ. ಅದು ಷಾಸಿಗೆ ಕೂತ ಒಂದು ಪಿನ್ ಮೇಲೆ ತಿರುಗುತ್ತದೆ. ವರ್ಷಗಟ್ಟಲೆ ಗ್ರೀಸ್ ಕಾಣದೆ ಒಣಗಿದರೆ ಒಳಗೆ ಸವೆದು, ತಿರುಗುವುದರ ಜೊತೆಗೆ ಮೇಲೆ ಕೆಳಗೆ ಓಲಾಡಲು ಶುರು ಮಾಡುತ್ತದೆ. ಈ ಷಾಸಿಯ ತೇಲಾಟದಲ್ಲಿ ಬೆಲ್ ಕ್ರ್ಯಾಂಕ್ ಮಾಮೂಲಿ ಆರೋಪಿ. ಇದಕ್ಕೆಂದೇ ಗಟ್ಟಿ ಬೇರಿಂಗ್ ಹಾಕಿದ ಬದಲಿ ಪಾರ್ಟ್ ಅಮೆರಿಕದಲ್ಲಿ ಮಾರಾಟಕ್ಕೇ ಬಂದಿದೆ ಅಂದರೆ ನೀವೇ ಊಹಿಸಿ. ಎದುರು ಬದಿಯ ಐಡ್ಲರ್ ಆರ್ಮನ್ನೂ ಬಿಡಬೇಡಿ. ನನ್ನ ದುಡ್ಡು ಹಾಕಿ ಬಾಜಿ ಕಟ್ಟು ಅಂದರೆ ನಾನು ಈ ಎರಡರ ಮೇಲೇ ಕಟ್ಟುತ್ತೇನೆ.

ನಂತರ ಮುಂದಿನ ಚಕ್ರಗಳನ್ನು ತಿರುಗಿಸುವ ಟೈ ರಾಡ್‌ಗಳ ತುದಿಗಳು. ಆಮೇಲೆ ಮಾತ್ರ ಜಾಕ್. ಈ ಗಾಡಿಯಲ್ಲಿ ಕಾಯಿಲ್ ಸ್ಪ್ರಿಂಗ್ ಭಾರ ಸಸ್ಪೆನ್ಷನ್ನಿನ ಕೆಳಗಿನ ತೋಳಿನ ಮೇಲೆ ಇರುವುದರಿಂದ ಜಾಕನ್ನು ಆ ತೋಳಿನ ಕೆಳಗೇ ಕೊಡಿ. ಷಾಸಿಗೆ ಕೊಟ್ಟು ಎತ್ತಿದರೆ ಸ್ಪ್ರಿಂಗ್ ಬಾಲ್ ಜಾಯಿಂಟನ್ನು ಒತ್ತಿ ಹಿಡಿದಿರುತ್ತದೆ, ಸವೆತ ಮುಚ್ಚಿಹೋಗುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಡಿದರೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತುಹೋದರೆ ಅದು ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಮತ್ತೆ, ಸ್ಟ್ಯಾಂಡ್ ಇಡದೆ ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ. ಟನ್‌ಗಟ್ಟಲೆ ತೂಕದ ಮನೆ ಅದು.

ಪಾರ್ಟ್ ಬದಲಿಸುವಾಗ ಟೈ ರಾಡನ್ನು ಕವಲು ಉಳಿ ಹೊಡೆದು ಬಿಚ್ಚಿದರೆ ರಬ್ಬರ್ ಟೋಪಿ ಹರಿಯುತ್ತದೆ. ಎಸೆಯುವ ಪಾರ್ಟ್ ಆದರೆ ಹರಿಯಲಿ ಬಿಡಿ. ಉಳಿಸಿಕೊಳ್ಳಬೇಕಾದರೆ ನಟ್ ಸಡಿಲಿಸಿ, ಟೈ ರಾಡ್ ತುದಿ ಕೂತಿರುವ ಕಬ್ಬಿಣದ ತೂತಿನ ಪಕ್ಕಕ್ಕೆ ಒಂದು ಸುತ್ತಿಗೆ ಆನಿಸಿ ಇನ್ನೊಂದು ಕಡೆಯಿಂದ ಇನ್ನೊಂದು ಸುತ್ತಿಗೆಯಲ್ಲಿ ಒಂದು ಏಟು ಕೊಡಿ, ಟಪ್ ಅಂತ ಬಿಡುತ್ತದೆ. ಹೊಸದನ್ನು ಬಿಗಿ ಮಾಡಿದ ಮೇಲೆ ಪಿನ್ನಿನ ತೂತು ಹೊಂದಲಿಲ್ಲ ಅಂತ ನಟ್ಟನ್ನು ಹಿಂದಕ್ಕೆ ತಿರುಗಿಸಬಾರದು, ನಟ್ಟಿನ ಮುಂದಿನ ಸೀಳು ತೂತಿಗೆ ಹೊಂದುವವರೆಗೆ ಬಿಗಿಯಬೇಕು. ಹಳೇ ಕಾಟರ್ ಪಿನ್ ಮತ್ತೆ ಹಾಕಬೇಡಿ. ಅದರ ಬೆಲೆ ಎಷ್ಟು ಮಹಾ?

ಇಷ್ಟೂ ಆದ ಮೇಲೆ ಪ್ಲೇ ಉಳಿದಿದ್ದರೆ ಬಾಕ್ಸಿನ ಸರದಿ. ಅದನ್ನು ಸರಿಯಾಗಿ ಹೊಂದಿಸಬೇಕಾದರೆ ಡ್ರ್ಯಾಗ್ ಲಿಂಕ್ ಕಳಚಿ, ಈ ಕೊನೆಯಿಂದ ಆ ಕೊನೆಗೆ ಎಷ್ಟು ಸುತ್ತು ಅಂತ ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಬೇಕು. ಹಲ್ಲುಗಳ ಬಿಗಿ ಜಾಗ ಇರುವುದು ನಟ್ಟನಡುವೆ ಮಾತ್ರ. ಚಕ್ರ ಪಕ್ಕಕ್ಕೆ ತಿರುಗಿದ್ದಾಗ ಸ್ವಲ್ಪ ಆಟ ಇರಬೇಕು ಅಂತಲೇ ಹಲ್ಲು ಕೊರೆದಿರುತ್ತಾರೆ. ಅಲ್ಲಿ ಬಿಗಿ ಮಾಡಿದರೆ ನಡುವಿಗೆ ಬಂದಾಗ ಕಚ್ಚಿಕೊಳ್ಳುತ್ತದೆ. ನಿಮ್ಮ ಗಾಡಿಗೂ ಹಾಗೇ ಆಗಿರಬಹುದು. ಎಷ್ಟು ಬಿಗಿ ಅನ್ನುವುದು ಷಾಸಿ ಪುಸ್ತಕದಲ್ಲಿ ಇಂಚ್-ಪೌಂಡ್ ಲೆಕ್ಕದಲ್ಲಿದೆ, ಅದಕ್ಕೆ ಚಿಕ್ಕ ಟಾರ್ಕ್ ವ್ರೆಂಚ್ ಬೇಕು. ಸ್ಪ್ಯಾನರ್ ಹಿಡಿದು ಅಂದಾಜಿಗೆ ಮಾಡುವ ಕೆಲಸ ಅಲ್ಲ.

ಟ್ರಕ್ ತಳ್ಳಿ ಎಳೆಯುವ ಕಥೆ ಇದಕ್ಕಿಂತ ಸ್ವಲ್ಪ ಬೇರೆ. ಎತ್ತರದ ಚಪ್ಪಟೆ ಗೋಡೆಯ ಗಾಡಿಗೆ ಗಾಳಿ ತಾಗುವುದನ್ನು ಪೂರ್ತಿ ತಪ್ಪಿಸಲಾಗದು, ಆದರೆ ಮೂರು ವಿಷಯ ನಿಮ್ಮ ಕೈಯಲ್ಲಿದೆ. ಒಂದು ತೂಕ. ನೀರು, ಪೆಟ್ರೋಲು, ಪಾತ್ರೆ ಪಗಡೆ, ಮಕ್ಕಳು ಎಲ್ಲ ತುಂಬಿಕೊಂಡು ಯಾವುದಾದರೂ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿಗೆ (ಲಾರಿ ತೂಗುವ ಕಾಟಾ) ಹೋಗಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ಹಿಂಭಾಗ ಉದ್ದಕ್ಕೆ ಚಾಚಿಕೊಂಡ ಈ ಗಾಡಿಗಳಲ್ಲಿ ಹಿಂದಿನ ಬಂಪರಿನ ಹತ್ತಿರ ಹೇರಿದ ಸಾಮಾನು ಮುಂಭಾಗವನ್ನು ಎತ್ತಿಬಿಡುತ್ತದೆ. ಎರಡು ಟೈರು. ಗಾಳಿಯನ್ನು ಆ ತೂಕಕ್ಕೆ ಟೈರ್ ಕಂಪನಿಯ ಪಟ್ಟಿ ನೋಡಿ ತುಂಬಿಸಿ, ಟೈರ್ ಮೇಲೆ ಬರೆದಿರುವ ಗರಿಷ್ಠ ಅಂಕಿಯನ್ನು ಕಣ್ಣುಮುಚ್ಚಿ ಹಿಡಿಯಬೇಡಿ. ಟೈರಿನ ಪಕ್ಕೆಯಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2315 ಅಂತಿದ್ದರೆ 2015ರ 23ನೇ ವಾರದ ಟೈರು, ಟ್ರೆಡ್ ಎಷ್ಟೇ ಚೆನ್ನಾಗಿದ್ದರೂ ಬದಲಿಸಿ. ಮೂರು, ಮುಂದಿನ ಕಾಯಿಲ್ ಸ್ಪ್ರಿಂಗ್ ಒಳಗೆ ಏರ್ ಬ್ಯಾಗ್ ಇರುತ್ತದೆ. ಅದು ತೂತಾಗಿದ್ದರೆ ಮೂತಿ ಕೆಳಗಿಳಿದು ಅಲೈನ್‌ಮೆಂಟ್ ಎಲ್ಲ ಹೋಗುತ್ತದೆ. ಬ್ಯಾಗ್ ಸರಿಮಾಡಿಸಿ, ಪಾರ್ಟ್ ಹಾಕಿಸಿ, ಆಮೇಲೆ ಲಾರಿಗಳಿಗೆ ಮಾಡುವ ಅಲೈನ್‌ಮೆಂಟ್ ಅಂಗಡಿಗೆ ಸಾಮಾನು ಸಮೇತ ಹೋಗಿ, ಪುಸ್ತಕದ ಮಿತಿಯೊಳಗೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಜಾಸ್ತಿ ಕಡೆಗೇ ಇಡಲು ಹೇಳಿ. ಗಾಡಿ ತಾನಾಗಿ ನೇರ ಹಿಡಿಯುವುದು ಕ್ಯಾಸ್ಟರಿನಿಂದ.

ಸ್ಟೆಬಿಲೈಸರ್ ಕೆಟ್ಟದ್ದೇನಲ್ಲ. ಟೈರ್ ಒಡೆದಾಗ, ಗುಂಡಿಗೆ ಬಿದ್ದಾಗ ಚಕ್ರ ಕೈಯಿಂದ ಕಿತ್ತುಕೊಳ್ಳುವುದನ್ನು ತಡೆಯುತ್ತದೆ. ಸವೆದ ಕೀಲಿನ ಮೇಲೆ ಹಾಕಿದರೆ ಮಾತ್ರ ರೋಗ ಮುಚ್ಚಿಡುತ್ತದೆ, ಅಷ್ಟೇ. ಕೀಲು ಕಳಚುವ ದಿನದವರೆಗೂ ಗೊತ್ತಾಗುವುದಿಲ್ಲ. ಕೀಲುಗಳು ಸರಿಯಾಗುವವರೆಗೆ ದಯವಿಟ್ಟು ರೀನೊ ಬೇಡ.

ಪ್ರಶ್ನೆ: ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಿಂದ ಬರೆಯುತ್ತಿದ್ದೇನೆ. 1974ರ ಫೋಕ್ಸ್‌ವ್ಯಾಗನ್ ಬೇ ವಿಂಡೋ ಕ್ಯಾಂಪರ್ ನನ್ನದು. ಸ್ಟೇರಿಂಗ್ ಸ್ವಲ್ಪ ಸಡಿಲ. ಹಳೇ ಗಾಡಿ ಹೀಗೇ ಇರುತ್ತದೆ ಅಂತ ಎಲ್ಲರೂ ಅನ್ನುತ್ತಾರೆ. ಇಲ್ಲಿ ವರ್ಷಕ್ಕೊಮ್ಮೆ ಮಾಡಿಸುವ ವಾಹನ ಸುರಕ್ಷತಾ ಪರೀಕ್ಷೆ, ಎಂಒಟಿ, ಅದೂ ಇದಕ್ಕೆ ಬೇಕಿಲ್ಲವಂತೆ. ಹಾಗೇ ಬಿಡಬಹುದಾ?

ಉತ್ತರ: ಎಂಒಟಿ ಬೇಕಿಲ್ಲ ಅನ್ನುವುದು ನಿಜ. 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಗಾಡಿಗಳಿಗೆ 2018ರ ಮೇ ತಿಂಗಳಿಂದ ವಿನಾಯಿತಿ ಇದೆ. ಆದರೆ ಗಾಡಿ ರಸ್ತೆಗೆ ಯೋಗ್ಯವಾಗಿರಬೇಕು ಅನ್ನುವ ಹೊಣೆಗೆ ವಿನಾಯಿತಿ ಇಲ್ಲ. ನಾನಾದರೆ ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಸುಮ್ನೆ ಪರೀಕ್ಷೆ ಮಾಡಿಸುತ್ತೇನೆ. ನಮ್ಮ ಕಣ್ಣಿಗೆ ದಿನಾ ನೋಡಿ ನೋಡಿ ಕಾಣದ್ದು ಪರೀಕ್ಷಕರಿಗೆ ಕಾಣುತ್ತದೆ.

ಹಳೇ ಗಾಡಿ ಹೀಗೇ ಇರುತ್ತದೆ ಅನ್ನುವುದು ಅರ್ಧ ಸುಳ್ಳು. ಎಂಜಿನ್ ಹಿಂದಿದೆ, ಮುಂಭಾಗ ಹಗುರ, ಪಕ್ಕದ ಗಾಳಿಗೆ ಅದು ಸರಿಯುತ್ತದೆ, ಅದಕ್ಕೇನೂ ಮಾಡಲಾಗದು. ಗಾಳಿಯಿಲ್ಲದ ದಿನವೂ ಚಕ್ರ ಸುಮ್ನೆ ತಿರುಗುತ್ತದೆ ಅಂದರೆ ಸವೆತವೇ. ಮೇಲೆ ಹೇಳಿದ ಇಬ್ಬರ ಪರೀಕ್ಷೆಯನ್ನೇ ಮಾಡಿ, ಪವರ್ ಸ್ಟೇರಿಂಗ್ ಇಲ್ಲ, ಎಂಜಿನ್ ಆನ್ ಮಾಡುವುದು ಬೇಡ. ಇಲ್ಲಿ ಬೆಲ್ ಕ್ರ್ಯಾಂಕ್ ಬದಲು ಮುಂದಿನ ಬೀಮಿನ ನಡುವೆ ಸ್ವಿಂಗ್ ಲಿವರ್ ಇದೆ. ಡ್ರ್ಯಾಗ್ ಲಿಂಕ್ ಅದನ್ನು ತಳ್ಳುತ್ತದೆ, ಅದು ಎರಡು ಟೈ ರಾಡುಗಳನ್ನು ತಳ್ಳುತ್ತದೆ. ಲಿವರ್ ತಿರುಗುವ ಬದಲು ಮೊದಲು ವಾಲಿ ಆಮೇಲೆ ತಿರುಗಿದರೆ ಅದರ ಬುಷ್ ಹೋಗಿದೆ. ಅದಕ್ಕೊಂದು ಗ್ರೀಸ್ ನಿಪ್ಪಲ್ ಇದೆ, ಬೀಮಿನ ಮೇಲಿನ ನಾಲ್ಕು ನಿಪ್ಪಲ್‌ಗಳಿಗೆ ಗ್ರೀಸ್ ಗನ್ ಹಿಡಿಯುವವರೂ ನಡುವಿನ ಇದನ್ನು ಮರೆಯುತ್ತಾರೆ. ಮಣ್ಣು ಮೆತ್ತಿಕೊಂಡು ಕಾಣುವುದೂ ಇಲ್ಲ.

ಮುಂದಿನ ವೀಲ್ ಬೇರಿಂಗನ್ನು ಬಿಗಿಯಾಗಿ ಹಿಂಡಬೇಡಿ. ನಟ್ ಹಿಂದಿನ ವಾಷರ್ ಸ್ಕ್ರೂಡ್ರೈವರ್ ತುದಿಯಿಂದ ತಳ್ಳಿದರೆ ಕಷ್ಟಪಡದೆ ಜರುಗಬೇಕು, ಅಷ್ಟೇ ಬಿಗಿ.

ಪ್ರಶ್ನೆ: ಮೈಸೂರಿನಲ್ಲಿ ಹಳೇ ಟೆಂಪೊ ಟ್ರಾವೆಲರ್ ಒಂದನ್ನು ಕ್ಯಾಂಪರ್ ಮಾಡಿಸುತ್ತಿದ್ದೇವೆ. ಸ್ಟೇರಿಂಗ್ ಪ್ಲೇ ಎಷ್ಟಿದ್ದರೆ ಎಫ್‌ಸಿ ಆಗುತ್ತದೆ?

ಉತ್ತರ: ಕೇಂದ್ರ ಮೋಟಾರು ವಾಹನ ನಿಯಮ 98ರ ಪ್ರಕಾರ ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿ ಮೀರಬಾರದು. ಕೇಳಲು ಚಿಕ್ಕದು, ಆದರೆ 40 ಸೆಂ.ಮೀ. ಚಕ್ರದ ಅಂಚಿನಲ್ಲಿ ಅದು ಹತ್ತೂವರೆ ಸೆಂ.ಮೀ. ಆಗುತ್ತದೆ, ಹತ್ತಿರ ಹತ್ತಿರ ಅರ್ಧ ಗೇಣು! ಅಷ್ಟು ಪ್ಲೇ ಇಟ್ಟುಕೊಂಡು ಘಾಟಿ ಇಳಿಯುವ ಧೈರ್ಯ ನನಗಂತೂ ಇಲ್ಲ, ಅದರ ಮೂರರಲ್ಲಿ ಒಂದು ಭಾಗ ಬಂದಾಗಲೇ ಕೀಲು ನೋಡಿಸಿ. ಅದೇ ನಿಯಮ ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳಿಗೆ ಲಾಕ್ ಇರಬೇಕು ಅಂತಲೂ ಹೇಳುತ್ತದೆ, ಅದನ್ನೂ ನೋಡಿಕೊಳ್ಳಿ. ಇನ್ನು ಬಾಡಿ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಮೊದಲೇ ತಗೊಳ್ಳಿ, ಕೆಲಸ ಮುಗಿಸಿ ಹೋದರೆ ಅಲೆದಾಟ. ನೀರಿನ ಟ್ಯಾಂಕನ್ನು ಹಿಂದಿನ ಆಕ್ಸಲ್‌ನಿಂದ ಆಚೆ ಇಡಲು ಬಡಗಿ ಹೇಳುತ್ತಾರೆ, ಜಾಗ ಉಳಿಯುತ್ತೆ ಅಂತ. ಒಪ್ಪಬೇಡಿ. ಎರಡು ಆಕ್ಸಲ್ ನಡುವೆ, ಆದಷ್ಟು ಕೆಳಗೆ ಇಡಿಸಿ. 100 ಲೀಟರ್ ನೀರು ಅಂದರೆ 100 ಕೆ.ಜಿ., ಹಿಂದೆ ತೂಗಿದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲುತ್ತದೆ, ಆಗ ಮತ್ತೆ ಯಾರೋ ಬಂದು ಬಾಕ್ಸಿನ ಸ್ಕ್ರೂ ತಿರುಗಿಸುತ್ತಾರೆ.