ಪುಟ್ಟ ಫೈಲ್ ಸರಿ ಇದೆ, ಪಿಡಿಎಫ್ ಮಾತ್ರ ಕೆಡುತ್ತಿದೆ, ಯಾಕೆ?

ಕೋಡ್ ಮತ್ತು ಎರರ್ ಮೆಸೇಜ್ ಹಾಕಿ ನೀವು ಕೇಳಿದ ಈ ಪ್ರಶ್ನೆಗೆ ಉತ್ತರ ಆ ಮೆಸೇಜಿನಲ್ಲೇ ಇದೆ. ಜಾವಾದಲ್ಲಿ ಇನ್‌ಪುಟ್ ಸ್ಟ್ರೀಮ್‌ನಿಂದ 1024 ಬೈಟ್ ಬಫರ್ (ಓದಿದ್ದನ್ನು ಸದ್ಯಕ್ಕೆ ಇಡುವ ಜಾಗ) ಇಟ್ಟು ಓದುತ್ತಿದ್ದೀರಿ, ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಬೇಸ್64 (ಯಾವ ಬೈಟನ್ನಾದರೂ ಮಾಮೂಲಿ ಅಕ್ಷರಗಳಲ್ಲಿ ಬರೆಯುವ ವಿಧಾನ) ಮಾಡಿ ಒಂದರ ಹಿಂದೆ ಒಂದು ಅಂಟಿಸಿ ಕಳಿಸುತ್ತಿದ್ದೀರಿ. ಪುಟ್ಟ ಟೆಕ್ಸ್ಟ್ ಫೈಲ್ ಚೆನ್ನಾಗಿ ಹೋಗುತ್ತದೆ, ಪಿಡಿಎಫ್ ಹಾಕಿದರೆ ಆ ಕಡೆ ಅಕ್ಷರಗಳನ್ನು ಮತ್ತೆ ಬೈಟ್ ಮಾಡುವ ಡೀಕೋಡರ್ 1368ನೇ ಜಾಗದಲ್ಲಿ ಎಕ್ಸೆಪ್ಶನ್ (ಎರರ್) ಕೊಡುತ್ತದೆ. ಆ 1368 ಸುಮ್ನೆ ಬಂದ ಸಂಖ್ಯೆ ಅಲ್ಲ.

ಬೇಸ್64 ಕೆಲಸ ಮಾಡುವುದು ಮೂರು ಮೂರು ಬೈಟ್ ತೆಗೆದುಕೊಂಡು. ಮೂರು ಬೈಟ್ ಅಂದರೆ 24 ಬಿಟ್, ಅದನ್ನು 6 ಬಿಟ್‌ನ ನಾಲ್ಕು ಭಾಗ ಮಾಡಿ ನಾಲ್ಕು ಅಕ್ಷರ ಬರೆಯುತ್ತದೆ. ನಮ್ಮ 'ಕ' ತೆಗೆದುಕೊಳ್ಳಿ, ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಅದು 224, 178, 149 ಎಂಬ ಮೂರು ಬೈಟ್. 6 ಬಿಟ್ ಲೆಕ್ಕದಲ್ಲಿ ಅದೇ 56, 11, 10, 21 ಆಗುತ್ತದೆ, ಟೇಬಲ್ ನೋಡಿದರೆ 4, ಎಲ್, ಕೆ, ವಿ. ಏನೂ ಉಳಿಯಲಿಲ್ಲ. ಆದರೆ 1024ನ್ನು 3ರಿಂದ ಭಾಗಿಸಿದರೆ 341 ಬಂದು ಒಂದು ಬೈಟ್ ಉಳಿಯುತ್ತದೆ ಅಲ್ವಾ? ಆ ಒಂಟಿ ಬೈಟ್‌ಗೆ ಎರಡು ಅಕ್ಷರ ಬರೆದು, ಜಾಗ ತುಂಬಲು ಎರಡು = ಚಿಹ್ನೆ ಹಾಕುತ್ತದೆ. ಒಟ್ಟು 342 ಗುಂಪು, ತಲಾ ನಾಲ್ಕು ಅಕ್ಷರ, 1368. ಡೀಕೋಡರ್‌ಗೆ = ಕಂಡರೆ ಡೇಟಾ ಮುಗಿಯಿತು ಅಂತಲೇ ಅರ್ಥ. ಮುಗಿದ ಮೇಲೂ ಇನ್ನಷ್ಟು ಬರುತ್ತಿದ್ದರೆ ಅದು ಒಪ್ಪುವುದಿಲ್ಲ. ನಿಮ್ಮ ಟೆಕ್ಸ್ಟ್ ಫೈಲ್ ಒಂದೇ ತುಂಡಿನಲ್ಲಿ ಮುಗಿದದ್ದರಿಂದ ಬಚಾವಾಯಿತು ಅಷ್ಟೇ.

ಬಫರ್ 3072 ಮಾಡಿ, ಮೂರರಿಂದ ಭಾಗ ಹೋಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಲೋಕಲ್ ಫೈಲ್ ಇಟ್ಟು ನೋಡಿದರೆ ನಡೆಯುತ್ತದೆ ಕೂಡ. ಆದರೆ ರೀಡ್ ಮೆಥಡ್ ಬಫರ್ ತುಂಬಿಸಿಯೇ ಕೊಡುತ್ತೇನೆ ಅಂತ ಎಲ್ಲೂ ಮಾತು ಕೊಟ್ಟಿಲ್ಲ. ಸಾಕೆಟ್‌ನಲ್ಲಿ (ನೆಟ್‌ವರ್ಕ್ ಸಂಪರ್ಕದಲ್ಲಿ) ಆ ಹೊತ್ತಿಗೆ 1460 ಬೈಟ್ ಬಂದಿದ್ದರೆ ಅಷ್ಟನ್ನೇ ಕೊಟ್ಟು ಸುಮ್ಮನಾಗಬಹುದು, ಆಗ ಮತ್ತೆ ನಡುವೆ = ಬೀಳುತ್ತದೆ. ಇಂಥ ಬಗ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಾಣುವುದಿಲ್ಲ, ಪ್ರೊಡಕ್ಷನ್‌ನಲ್ಲಿ (ಜನ ನಿಜವಾಗಿ ಬಳಸುವಾಗ) ಅದೂ ಯಾವಾಗಲೋ ಒಮ್ಮೆ ಕಾಣುತ್ತದೆ. ಬಫರ್ ತುಂಬುವವರೆಗೆ ಅಥವಾ ಸ್ಟ್ರೀಮ್ ಮುಗಿಯುವವರೆಗೆ ಕಾಯುವ ರೀಡ್‌ಎನ್‌ಬೈಟ್ಸ್ ಜಾವಾ 9ರಲ್ಲಿ ಬಂದಿದೆ ನಿಜ, ಆದರೂ ಈ ಲೆಕ್ಕವನ್ನು ನೀವು ಮಾಡಲೇಬೇಡಿ ಅನ್ನುತ್ತೇನೆ.

ಬೇಸ್64 ಎನ್‌ಕೋಡರ್‌ನಲ್ಲಿ ಜಾವಾ 8ರಿಂದಲೇ ರ‍್ಯಾಪ್ ಅಂತ ಒಂದು ಮೆಥಡ್ ಇದೆ. ನಿಮ್ಮ ಔಟ್‌ಪುಟ್ ಸ್ಟ್ರೀಮನ್ನು ಅದಕ್ಕೆ ಕೊಟ್ಟರೆ ಇನ್ನೊಂದು ಔಟ್‌ಪುಟ್ ಸ್ಟ್ರೀಮ್ ಸಿಗುತ್ತದೆ, ಅದಕ್ಕೆ ಎಷ್ಟು ಬೈಟ್ ಬೇಕಾದರೂ ಬರೆಯಿರಿ, ಉಳಿದ ಒಂದೆರಡು ಬೈಟನ್ನು ಅದೇ ಇಟ್ಟುಕೊಂಡು ಮುಂದಿನದಕ್ಕೆ ಸೇರಿಸುತ್ತದೆ. ಕೊನೆಯಲ್ಲಿ ಕ್ಲೋಸ್ ಮಾಡಲೇಬೇಕು, ಕೊನೆಯ ಬೈಟ್‌ಗಳೂ ಪ್ಯಾಡಿಂಗೂ (ಜಾಗ ತುಂಬುವ ಆ = ಚಿಹ್ನೆಗಳು) ಹೊರಗೆ ಬರುವುದು ಆಗಲೇ. ಬರೀ ಫ್ಲಶ್ (ಬರೆದದ್ದನ್ನು ಹೊರಗೆ ತಳ್ಳುವ ಮೆಥಡ್) ಸಾಲದು. ಆದರೆ ಕ್ಲೋಸ್ ಮಾಡಿದರೆ ಒಳಗಿನ ಸ್ಟ್ರೀಮೂ ಮುಚ್ಚಿಹೋಗುತ್ತದೆ, ನೆನಪಿರಲಿ. ಆ ಕಡೆ ಡೀಕೋಡರ್‌ನ ರ‍್ಯಾಪ್‌ಗೆ ಇನ್‌ಪುಟ್ ಸ್ಟ್ರೀಮ್ ಕೊಟ್ಟು ಮಾಮೂಲಿ ಓದಿದಂತೆ ಓದಿಕೊಂಡರೆ ಆಯಿತು. ಮೇಲ್‌ನಿಂದ ಬಂದ ಡೇಟಾ ಆದರೆ 76 ಅಕ್ಷರಕ್ಕೊಮ್ಮೆ ಸಾಲು ಮುರಿದಿರಬಹುದು, ಅದಕ್ಕೆ ಸಾಲು ಮುರಿದದ್ದನ್ನು ಲೆಕ್ಕಿಸದ ಮೈಮ್ ಡೀಕೋಡರ್ ಬಳಸಿ.

ನಿಮ್ಮ ಕೋಡ್‌ನಲ್ಲಿ ಕಮೆಂಟ್ ಮಾಡಿ ಬಿಟ್ಟಿರುವ ಹಳೆಯ ಸಾಲನ್ನೂ ನೋಡಿದೆ. ಬೈಟ್‌ಗಳನ್ನು ನೇರ ಸ್ಟ್ರಿಂಗ್ ಮಾಡಿ, ಆಮೇಲೆ ಅದರಿಂದ ಮತ್ತೆ ಬೈಟ್ ತೆಗೆಯುವುದು. ಅದನ್ನು ಅಳಿಸಿಯೇ ಬಿಡಿ. ಯುಟಿಎಫ್-8ಗೆ ಹೊಂದದ ಬೈಟ್ ಬಂದ ಕಡೆಯೆಲ್ಲ ಜಾವಾ ಬದಲಿ ಚಿಹ್ನೆ ಹಾಕುತ್ತದೆ, ವಾಪಸ್ ಬೈಟ್ ಮಾಡಿದಾಗ ಅಲ್ಲಿ 239, 191, 189 ಕೂತಿರುತ್ತದೆ. ಮೂಲ ಬೈಟ್ ಏನಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಒಂದೊಂದೇ ಬೈಟ್ ಓದುವ ಲೂಪ್ ಬರೆದರೆ ರೀಡ್ ಕೊಡುವುದನ್ನು ಇಂಟ್‌ನಲ್ಲೇ ಇಟ್ಟುಕೊಂಡು -1ಕ್ಕೆ (ಸ್ಟ್ರೀಮ್ ಮುಗಿದ ಗುರುತು) ಹೋಲಿಸಿ. ಮೊದಲೇ ಅದನ್ನು ಬೈಟ್‌ಗೆ ಕಾಸ್ಟ್ ಮಾಡಿದರೆ (ಬೈಟ್ ವಿಧಕ್ಕೆ ಬದಲಿಸಿದರೆ) 255 ಕೂಡ -1 ಆಗುತ್ತದೆ. ಜೆಪೆಗ್ ಫೈಲಿನ ಮೊದಲ ಬೈಟೇ 255, ಲೂಪ್ ಶುರುವಿನಲ್ಲೇ ನಿಂತು ಖಾಲಿ ಫೈಲ್ ಸಿಗುತ್ತದೆ!

ಇನ್ನೊಂದು ಮಾತು, ಜೇಸನ್ (ಡೇಟಾವನ್ನು ಟೆಕ್ಸ್ಟ್ ಆಗಿ ಕಳಿಸುವ ರೂಪ) ಒಳಗೇ ಫೈಲ್ ಕಳಿಸಬೇಕು ಅನ್ನುವ ಹಠ ಆ ಕಡೆಯವರದ್ದಲ್ಲದಿದ್ದರೆ ಬೇಸ್64 ಯಾಕೆ ಬೇಕು? 3 ಎಂಬಿ ಇದ್ದದ್ದು 4 ಎಂಬಿ ಆಗುತ್ತದೆ. ಮಲ್ಟಿಪಾರ್ಟ್‌ನಲ್ಲಿ (ವೆಬ್ ಫಾರ್ಮ್ ಫೈಲ್ ಕಳಿಸುವ ರೀತಿಯಲ್ಲಿ) ಬೈಟ್‌ಗಳನ್ನು ಹಾಗೇ ಕಳಿಸಿ. ಯಾವ ದಾರಿ ಹಿಡಿದರೂ ಪಿಡಿಎಫ್ ತೆರೆಯಿತು ಅಂತ ಬಿಡದೆ, ಎರಡೂ ಕಡೆ ಫೈಲಿನ ಎಸ್‌ಎಚ್‌ಎ-256 (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕುವ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಹೋಲಿಸಿ ನೋಡಿ. ಒಂದೆರಡು ಬೈಟ್ ಹಾಳಾದ ಪಿಡಿಎಫ್ ಎಷ್ಟೋ ಸಲ ತೆರೆದುಕೊಳ್ಳುತ್ತದೆ.