ಮುಖ ತೊಳೆಯುವಾಗ ಅಮ್ಮ ವಾಲುತ್ತಾರೆ

ಪ್ರಶ್ನೆ: ಅಮ್ಮನಿಗೆ 67 ವರ್ಷ. ಸಕ್ಕರೆ ಕಾಯಿಲೆ ಶುರುವಾಗಿ 15 ವರ್ಷ ದಾಟಿತು. ಸಕ್ಕರೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಬೇಸಿನ್ ಎದುರು ಮುಖಕ್ಕೆ ನೀರು ಹಾಕಿಕೊಳ್ಳುವಾಗ ಮುಂದಕ್ಕೆ ವಾಲುತ್ತಾರೆ. ಮೊನ್ನೆ ರಾತ್ರಿ ಕರೆಂಟು ಹೋದಾಗ ಬಿದ್ದು ಮೊಣಕೈ ತರಚಿಕೊಂಡರು. ಎಲ್ಲರೂ ‘ವಯಸ್ಸಾಯ್ತಲ್ಲ’ ಎನ್ನುತ್ತಾರೆ. ಇದಕ್ಕೂ ಸಕ್ಕರೆಗೂ ಸಂಬಂಧ ಉಂಟೇ? ಹೊರಗೆ ಕಳಿಸುವುದನ್ನು ನಿಲ್ಲಿಸಲೇ?
– ಓದುಗರು, ಡೊಂಬಿವಲಿ

ಉತ್ತರ: ಸಂಬಂಧ ಇರುವ ಸಾಧ್ಯತೆ ಬಹಳ. ಮುಖ ತೊಳೆಯುವಾಗಲೇ ವಾಲುವುದನ್ನು ನೀವು ಗಮನಿಸಿದ್ದು ದೊಡ್ಡ ಉಪಕಾರ. ನೆಟ್ಟಗೆ ನಿಲ್ಲಲು ಕಣ್ಣು, ಒಳಕಿವಿ, ಅಂಗಾಲಿನ ಸ್ಪರ್ಶ ಮೂರೂ ಬೇಕು. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಮೊದಲು ಸೊರಗುವುದು ಪಾದಕ್ಕೆ ಹೋಗುವ ಉದ್ದದ ನರಗಳು. ಆ ಕೊರತೆಯನ್ನು ಕಣ್ಣು ತುಂಬಿಕೊಡುತ್ತಿರುತ್ತದೆ. ಕಣ್ಣು ಮುಚ್ಚಿದರೆ, ಕತ್ತಲಾದರೆ ಅದೂ ಇಲ್ಲ. ಮಾಟುಂಗದ ನನ್ನ ಕ್ಲಿನಿಕ್ಕಿಗೆ ಬರುವ ಹಿರಿಯರು ‘ಹತ್ತಿಯ ಮೇಲೆ ನಡೆದ ಹಾಗಾಗುತ್ತದೆ, ಚಪ್ಪಲಿ ಕಳಚಿದ್ದೂ ತಿಳಿಯುವುದಿಲ್ಲ’ ಎನ್ನುತ್ತಾರೆ. ಅಮ್ಮನನ್ನೂ ಕೇಳಿ ನೋಡಿ.

ಮೊದಲು ಪಾದ ಪರೀಕ್ಷೆ ಮಾಡಿಸಿ. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ಕಂಪಿಸುವ 128 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು (ಕವೆಯಾಕಾರದ ಲೋಹದ ಉಪಕರಣ) ಕಾಲಿನ ಹೆಬ್ಬೆರಳಿಗಿಟ್ಟು ಸ್ಪರ್ಶ, ಕಂಪನ ತಿಳಿಯುತ್ತದೆಯೇ ಎಂದು ನೋಡುತ್ತಾರೆ. ನೋವಿಲ್ಲ, ಕೆಲವೇ ನಿಮಿಷ. ಪಾದ ಮುಟ್ಟಿ ನೋಡದೆ ಬರೀ ರಿಪೋರ್ಟು ನೋಡಿ ಸಕ್ಕರೆ ರೋಗಿಯನ್ನು ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಜೊತೆಗೆ ವಿಟಮಿನ್ ಬಿ12 ರಕ್ತಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡರೆ ಅದು ಇಳಿಯಬಹುದು, ಸಸ್ಯಾಹಾರಿಗಳಲ್ಲಿ ಇನ್ನೂ ಬೇಗ. ಅದರ ಕೊರತೆಯೂ ಹೀಗೇ ವಾಲಿಸುತ್ತದೆ, ಆದರೆ ಅದಕ್ಕೆ ಮದ್ದುಂಟು. ಬಿಪಿಯನ್ನು ಮಲಗಿದಾಗೊಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೊಮ್ಮೆ ನೋಡಿಸಿ. ನಿಂತಾಗ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ಹೇಳಿ. ಕಣ್ಣಿನ ಪರೀಕ್ಷೆ ವರ್ಷಕ್ಕೊಮ್ಮೆ. ಗ್ಲಿಮೆಪಿರೈಡ್ ನುಂಗಿ ಏಕಾದಶಿ ಉಪವಾಸ ಮಾಡುತ್ತಾರೆಯೇ? ವೈದ್ಯರನ್ನು ಕೇಳದೆ ಬೇಡವೇ ಬೇಡ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ತಲೆ ಸುತ್ತಿ ಬೀಳಬಹುದು.

ಅಮ್ಮನನ್ನು ದಯವಿಟ್ಟು ಮನೆಯಲ್ಲಿ ಕೂರಿಸಬೇಡಿ. ಕೂತಷ್ಟೂ ತೊಡೆಯ ಬಲ ಕುಗ್ಗುತ್ತದೆ, ಬೀಳುವುದು ಹೆಚ್ಚುತ್ತದೆ. ಬೆಳಕಿರುವಾಗ ಯಾರಾದರೂ ಜೊತೆಗೆ ಹೋಗಲಿ. ಲೋಕಲ್ ರೈಲು ಹತ್ತುವುದಿದ್ದರೆ ನೂಕುನುಗ್ಗಲಿನ ಹೊತ್ತು ಬೇಡ. ಸಡಿಲ ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿಗೆ ಪಟ್ಟಿಯಿರುವ, ಗಟ್ಟಿಯಾದ, ಜಾರದ ಅಡಿಯ ಪಾದರಕ್ಷೆ ಕೊಡಿಸಿ. ಮಂಚದಿಂದ ಟಾಯ್ಲೆಟ್ಟಿನವರೆಗೆ ರಾತ್ರಿದೀಪವಿರಲಿ, ತಲೆದಿಂಬಿನ ಬಳಿ ಟಾರ್ಚು. ಮುಖವನ್ನು ಸ್ಟೂಲಿನಲ್ಲಿ ಕೂತು ತೊಳೆಯಲಿ.

ವಾಲುವುದು ಹಠಾತ್ತನೆ ಹೆಚ್ಚಾಗಿ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಅದು ಪಾರ್ಶ್ವವಾಯು ಇರಬಹುದು. ಆಗ ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.