ಬೆಲ್ಟ್ ಇದ್ದರೂ ಯಾಕೆ ಮುಳುಗಿದರು?

ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್‌ನಲ್ಲಿ ಜರ್ಮನ್ನರ ಮೇಲೆ ದಾಳಿ ಮಾಡಲು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ ಅಮೆರಿಕನ್ ಸೈನಿಕರಿಗೆ ನೀರಲ್ಲಿ ತೇಲೋಕೆ ಅಂತ ಗಾಳಿ ತುಂಬುವ ಬೆಲ್ಟ್ ಕೊಟ್ಟಿದ್ದರಲ್ಲ, ಅದು ಕಳಪೆ ಮಾಲಾ ಅಂತ ಕೇಳಿದ್ದೀರಿ. ಕಳಪೆ ಅಂತ ಹೇಳೋಕಾಗಲ್ಲ. ತೊಂದರೆ ಜಾಸ್ತಿ ಇದ್ದಿದ್ದು ಕಟ್ಟಿಕೊಳ್ಳೋ ಜಾಗದಲ್ಲಿ.

ಅದು ರಬ್ಬರ್ ಹಚ್ಚಿದ ಬಟ್ಟೆಯ ಜೋಡಿ ಕೊಳವೆ. ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿದ ಎರಡು ಪುಟ್ಟ ಸಿಲಿಂಡರ್. ಜೋರಾಗಿ ಅದುಮಿದರೆ ಸಿಲಿಂಡರ್ ತೂತಾಗಿ ತಕ್ಷಣ ಉಬ್ಬುತ್ತದೆ, ಅದು ಕೈಕೊಟ್ಟರೆ ಬಾಯಲ್ಲೇ ಊದೋಕೆ ಪೈಪೂ ಇರುತ್ತದೆ. ಇದನ್ನು ಕಂಕುಳ ಕೆಳಗೆ, ಎದೆಯ ಸುತ್ತ ಕಟ್ಟಬೇಕು. ಆದರೆ ಬೆನ್ನಿಗೆ ಚೀಲ, ಎದೆ ಮೇಲೆ ಮದ್ದುಗುಂಡಿನ ಪಟ್ಟಿ ಹೇರಿಕೊಂಡವನಿಗೆ ಅಲ್ಲಿ ಜಾಗ ಎಲ್ಲಿ? ಎಷ್ಟೋ ಜನ ಸೊಂಟಕ್ಕೆ ಕಟ್ಟಿಕೊಂಡರು. ಭಾರವೆಲ್ಲ ಮೇಲೆ, ತೇಲುವುದು ನಡುವಲ್ಲಿ, ಹಾಗಾಗಿ ನೀರಿಗೆ ಬಿದ್ದ ಕೂಡಲೇ ತಲೆಕೆಳಗಾಗಿ ಕಾಲು ಮೇಲೆ ಬರುತ್ತಿತ್ತು.

ಬೇಸರದ ವಿಷಯ ಏನಂದ್ರೆ, ಇದು ದಾಳಿಗೆ ಮೊದಲೇ ಗೊತ್ತಾಗಿತ್ತು. 1944ರ ಏಪ್ರಿಲ್ 28ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ 'ಎಕ್ಸರ್ಸೈಜ್ ಟೈಗರ್' ಅನ್ನೋ ತಾಲೀಮು ನಡೆಯುವಾಗ ಜರ್ಮನ್ ದೋಣಿಗಳು ನುಗ್ಗಿ ಎರಡು ಹಡಗು ಮುಳುಗಿಸಿದವು. 700ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹಲವರು ಸೊಂಟಕ್ಕೆ ಬೆಲ್ಟ್ ಕಟ್ಟಿ ಮುಗುಚಿಕೊಂಡವರು. ಹೇಗೆ ಕಟ್ಟಬೇಕು ಅಂತ ಸರಿಯಾಗಿ ಹೇಳಿಕೊಟ್ಟಿರಲೇ ಇಲ್ಲ! ಹಾಗಂತ ಬೆಲ್ಟ್ ಸುಮ್ನೆ ದಂಡ ಅಂತಲ್ಲ. ನಾರ್ಮಂಡಿಯಲ್ಲಿ ಕೆಲವರು ರೇಡಿಯೊ, ಮಾರ್ಟರ್ ಅನ್ನೋ ಸಣ್ಣ ಫಿರಂಗಿಗಳಿಗೂ ಇದನ್ನೇ ಕಟ್ಟಿ ತೇಲಿಸಿಕೊಂಡು ದಡ ಸೇರಿಸಿದ್ದರು.